ಮಸಾಯಿ ಹಟ್ಟಿಗೆ ಹೋಗುವವರಿಗೆ

ಕೀನ್ಯಾಕ್ಕೆ ಹೊರಡುವ ನಮ್ಮವರಲ್ಲಿ ಹೆಚ್ಚಿನವರು ಮಸಾಯಿ ಮಾರಾ ಅಭಯಾರಣ್ಯದ ಸಿಂಹಗಳನ್ನೂ ನದಿ ದಾಟುವ ವೈಲ್ಡೆಬೀಸ್ಟ್ ಹಿಂಡುಗಳನ್ನೂ ನೋಡಲು ಹೋಗುತ್ತಾರೆ. ಆ ಬಯಲಿಗೆ ಹೆಸರು ಕೊಟ್ಟ ದನಗಾಹಿ ಜನರ ಪರಿಚಯ ಮಾತ್ರ ಪ್ಯಾಕೇಜಿನ ಕೊನೆಯಲ್ಲಿ, ಗಂಟೆಯೊಂದರ ‘ಹಳ್ಳಿ ಭೇಟಿ’ಯಾಗಿ ಮುಗಿದುಹೋಗುತ್ತದೆ. ಮಸಾಯಿಗಳ ಬದುಕನ್ನೇ ನೋಡುವ ಆಸೆಯಿರುವವರು ಸಫಾರಿಯ ಸಮಯವನ್ನು ಸ್ವಲ್ಪ ಕಡಿಮೆ ಮಾಡಿಕೊಂಡಾದರೂ ಒಂದು ಸಂಜೆಯನ್ನು ಪೂರ್ತಿಯಾಗಿ ಹಟ್ಟಿಗೆಂದು ಮೀಸಲಿಡಬೇಕು.

ಮೊದಲು ಸಿದ್ಧತೆಯ ಮಾತು. 2024ರ ಜನವರಿಯಿಂದ ಕೀನ್ಯಾದಲ್ಲಿ ವೀಸಾ ಬದಲು ಇ-ಟಿಎ ಎಂಬ ಆನ್‌ಲೈನ್ ಅನುಮತಿ ಜಾರಿಯಲ್ಲಿದ್ದು, ಅದನ್ನು ವಿಮಾನ ಹತ್ತುವ ಮುನ್ನವೇ ಪಡೆದಿರಬೇಕು. ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ 10 ದಿನ ಮೊದಲು ಹಾಕಿಸಿಕೊಂಡು ಪ್ರಮಾಣಪತ್ರವನ್ನು ಜೊತೆಯಲ್ಲಿಟ್ಟುಕೊಳ್ಳಿ. ಅದಿಲ್ಲದೆ ಭಾರತಕ್ಕೆ ಮರಳಿದರೆ ಕ್ವಾರಂಟೈನ್‌ಗೆ ಒಳಗಾಗಬೇಕಾದೀತು. ಪ್ಲಾಸ್ಟಿಕ್ ಕೈಚೀಲಗಳು ಅಲ್ಲಿ 2017ರಿಂದ ನಿಷಿದ್ಧ. ಮಾರಾಕ್ಕೆ ಹೋಗುವ ದಾರಿಯಲ್ಲಿ, ನೈರೋಬಿಯಿಂದ ಸುಮಾರು 140 ಕಿ.ಮೀ. ದೂರದ ನರೋಕ್ ಪಟ್ಟಣದಲ್ಲಿಯೇ ನಗದು ಹಣವನ್ನು ಚಿಲ್ಲರೆ ಮಾಡಿಸಿಕೊಳ್ಳುವುದು ಒಳ್ಳೆಯದು. ಮಾರ್ಚ್‌ನಿಂದ ಮೇ ವರೆಗಿನ ಮಳೆಗಾಲದಲ್ಲಿ ಒಳದಾರಿಗಳು ಕೆಸರಾಗುತ್ತವೆ. ತೀವ್ರ ಬರಗಾಲದಲ್ಲಾದರೆ ಯುವಕರು ಮೇವು ಅರಸಿ ದನಗಳೊಂದಿಗೆ ದೂರ ಹೋಗಿಬಿಡುವುದರಿಂದ ಹಟ್ಟಿಯಲ್ಲಿ ಹೆಂಗಸರು, ಮಕ್ಕಳು ಮತ್ತು ವೃದ್ಧರಷ್ಟೇ ಉಳಿದಿರುತ್ತಾರೆ.

ಅಭಯಾರಣ್ಯದ ಪ್ರವೇಶದ್ವಾರಗಳ ಬಳಿಯ ಹಳ್ಳಿಗಳಲ್ಲಿ ಎತ್ತರಕ್ಕೆ ಜಿಗಿಯುವ ಕುಣಿತ, ಕಡ್ಡಿ ಕಡೆದು ಬೆಂಕಿ ಮಾಡುವುದು, ಮನೆಯೊಳಗೊಂದು ಇಣುಕು ನೋಟ, ಕೊನೆಗೆ ಮಣಿಸರಗಳ ಮಾರಾಟ, ಇಷ್ಟು ಒಂದರ ಹಿಂದೊಂದು ನಡೆಯುತ್ತದೆ. ಅದನ್ನು ಸುಳ್ಳೆನ್ನಲಾಗದು, ಆದರೆ ದನಗಳಿಲ್ಲದ ಹೊತ್ತಿನಲ್ಲಿ ಮಸಾಯಿಗಳ ಬದುಕಿನ ಮುಖ್ಯ ಭಾಗವೇ ಅಲ್ಲಿರುವುದಿಲ್ಲ. ಅದಕ್ಕಿಂತ ಅಭಯಾರಣ್ಯದ ಉತ್ತರಕ್ಕಿರುವ ನಬೋಯಿಶೊ, ಮಾರಾ ನಾರ್ತ್‌ನಂಥ ಕನ್ಸರ್ವೆನ್ಸಿಗಳಲ್ಲಿ (ವನ್ಯಜೀವಿಗಳಿಗಾಗಿ ಮೀಸಲಿಟ್ಟ ಖಾಸಗಿ ಜಮೀನುಗಳಲ್ಲಿ) ಉಳಿದುಕೊಳ್ಳುವುದು ಲೇಸೆಂದು ನನಗನ್ನಿಸುತ್ತದೆ. ಅಲ್ಲಿ ಮಸಾಯಿ ಕುಟುಂಬಗಳೇ ತಮ್ಮ ಜಮೀನನ್ನು ಗುತ್ತಿಗೆಗೆ ಕೊಟ್ಟು ಬಾಡಿಗೆ ಪಡೆಯುತ್ತವೆ, ಮಾರ್ಗದರ್ಶಕರಲ್ಲಿಯೂ ಅನೇಕರು ಆ ಕುಟುಂಬಗಳವರೇ ಆಗಿರುತ್ತಾರೆ. ಅವರ ಮೂಲಕ ಸಂಜೆಯ ಭೇಟಿಯನ್ನು ಗೊತ್ತುಮಾಡಿಕೊಂಡು, ಹಣ ಎಷ್ಟು, ಯಾರ ಕೈಗೆ, ಫೋಟೊ ತೆಗೆಯುವುದಕ್ಕೂ ಸೇರಿಯೋ ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ.

ಸೂರ್ಯ ಇಳಿಯುತ್ತಿದ್ದಂತೆ ಹಿಣಿಲಿರುವ ದನಗಳು ಧೂಳೆಬ್ಬಿಸುತ್ತ ಜಾಲಿಮುಳ್ಳಿನ ಬೇಲಿಯೊಳಗೆ ಬರುತ್ತವೆ. ಹಾಲು ಕರೆಯುವುದು ಹೆಂಗಸರ ಕೆಲಸ. ಒಂದು ಕಡೆ ಕರು ಕುಡಿಯುತ್ತಿರುವಾಗಲೇ ಇನ್ನೊಂದು ಕಡೆಯಿಂದ ಸೋರೆಬುರುಡೆಗೆ ಹಾಲು ಕರೆಯುತ್ತಾರೆ. ಬುರುಡೆಯನ್ನು ನೀರಿನಿಂದಷ್ಟೇ ತೊಳೆದು ಬಿಡುವುದಿಲ್ಲ. ಕಾಡು ಆಲಿವ್ ಮರದ ಉರಿಯುವ ಕೊಳ್ಳಿಯ ತುದಿಯನ್ನು ಅದರೊಳಗೆ ತಿರುವಿ ತಿರುವಿ ಉಜ್ಜುತ್ತಾರೆ. ಹಾಲು ಬೇಗ ಕೆಡದಿರಲು ಇದೇ ಉಪಾಯ, ಅದಕ್ಕೆ ಹೊಗೆಯ ರುಚಿ ಬರುವುದೂ ಇದರಿಂದಲೇ. ಹಸಿ ಹಾಲು ಒಗ್ಗದವರು ಚಹಾ ಕೇಳಬಹುದು. ಹಾಲು, ಸಕ್ಕರೆ ಧಾರಾಳವಾಗಿರುವ ಆ ಚಹಾ ನಮ್ಮ ನಾಲಿಗೆಗೆ ಹೊಸದೇನಲ್ಲ. ಕಡ್ಡಿ ಹೆಣೆದು, ಸಗಣಿ ಮಣ್ಣು ಮೆತ್ತಿ ಮನೆ ಕಟ್ಟುವವರೂ ಹೆಂಗಸರೇ. ಒಳಗೆ ಕತ್ತಲೆಯೂ ಹೊಗೆಯೂ ತುಂಬಿರುವುದರಿಂದ ಉಬ್ಬಸದ ತೊಂದರೆಯಿರುವವರು ಬಾಗಿಲಲ್ಲೇ ನಿಲ್ಲುವುದು ಕ್ಷೇಮ.

ಮಕ್ಕಳು ತಲೆ ಬಾಗಿಸಿ ಎದುರು ನಿಂತರೆ ಅಂಗೈಯಿಂದ ಅವರ ತಲೆಯನ್ನು ಮೃದುವಾಗಿ ಮುಟ್ಟಬೇಕು. ಹಿರಿಯರು ಕಿರಿಯರ ವಂದನೆಯನ್ನು ಸ್ವೀಕರಿಸುವ ಕ್ರಮವದು. ‘ನಿಮಗೆಷ್ಟು ದನ, ಎಷ್ಟು ಮಕ್ಕಳು’ ಎಂದು ಕೇಳಬೇಡಿ, ದನಗಳನ್ನೂ ಮಕ್ಕಳನ್ನೂ ಎಣಿಸುವುದು ಅಶುಭವೆಂಬ ನಂಬಿಕೆಯಿದೆ. ಮೈಬಣ್ಣ, ಕೊಂಬಿನ ತಿರುವು ನೋಡಿಯೇ ಯಾವ ಹಸು ಬಂದಿಲ್ಲವೆಂದು ಮನೆಯವರು ಹೇಳಬಲ್ಲರು. ದನದ ಕತ್ತಿನ ನಾಳಕ್ಕೆ ಬಾಣ ಬಿಟ್ಟು ರಕ್ತ ತೆಗೆಯುವ ಪದ್ಧತಿಯನ್ನು ತೋರಿಸಿರೆಂದು ಒತ್ತಾಯಿಸುವುದೂ, ಚಿತ್ರಕ್ಕಾಗಿ ಮೊಬೈಲನ್ನು ಬಚ್ಚಿಡಿರೆಂದು ಯುವಕರಿಗೆ ಹೇಳುವುದೂ ನನ್ನ ಮಟ್ಟಿಗೆ ಅಸಭ್ಯತನ.

ಮೊರಾನ್ ಎನಿಸಿಕೊಳ್ಳುವ ಯೋಧ ಯುವಕರು ಆ ಹಂತವನ್ನು ದಾಟುವ ಯುನೊಟೊ ಆಚರಣೆಯಲ್ಲಿ ತಾಯಂದಿರು ಮಗನ ನೀಳ ಜಡೆಯನ್ನು ಬೋಳಿಸುತ್ತಾರೆ. ಈ ಆಚರಣೆಯೂ ಸೇರಿದಂತೆ ಮಸಾಯಿ ಗಂಡಸರ ಮೂರು ಸಂಸ್ಕಾರಗಳನ್ನು 2018ರಲ್ಲಿ ಯುನೆಸ್ಕೊ ತುರ್ತು ರಕ್ಷಣೆ ಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಯುನೊಟೊ ನಡೆಯುವುದು ಒಂದು ವಯೋಗುಂಪಿನ ಸರದಿ ಬಂದಾಗ, ಹಿರಿಯರು ನಿಶ್ಚಯಿಸಿದ ದಿನದಲ್ಲಿ ಮಾತ್ರ. ಆದ್ದರಿಂದ ನಿಮ್ಮ ರಜೆಯ ದಿನಕ್ಕೆ ಯುನೊಟೊ ತೋರಿಸುತ್ತೇನೆಂದು ಹೇಳುವ ಏಜೆಂಟರನ್ನು ನಂಬಬೇಡಿ.

ಮಣಿಸರಗಳನ್ನು ಪೋಣಿಸಿದ ಹೆಂಗಸಿನಿಂದಲೇ ನೇರವಾಗಿ ಕೊಳ್ಳಿ. ಮಕ್ಕಳಿಗೆ ಮಿಠಾಯಿ ಹಂಚುವುದರ ಬದಲು ನರೋಕ್‌ನಲ್ಲಿ ಸಕ್ಕರೆ, ಚಹಾಪುಡಿ, ಮೆಕ್ಕೆಜೋಳದ ಹಿಟ್ಟು ಕೊಂಡು, ಚಹಾ ಕೊಟ್ಟ ಮನೆಯೊಡತಿಯ ಕೈಗೆ ಕೊಟ್ಟರೆ ಆಕೆಗೆ ಉಪಯೋಗವಾಗುತ್ತದೆ.