ಆಟಕ್ಕೆ ಅಜ್ಜಿ ಬೇಕು

"ಊಟಕ್ಕೆ ಸಾಕು ಮಗಾ, ಆಟಕ್ಕೆ ಸಾಲದು. ಆಟಕ್ಕೆ ಅಜ್ಜಿ ಬೇಕು."

ಆಯಮ್ಮ ಹೇಳಿದ್ದು ಇಂಗ್ಲಿಷಿನಲ್ಲೇ. ಅಲ್ಲಿ ಪ್ರಾಸವೂ ಇರಲಿಲ್ಲ, ಏನೂ ಇರಲಿಲ್ಲ. ಕಾರು ಹತ್ತಿ ಮನೆ ಕಡೆ ಹೊರಡುವಷ್ಟರಲ್ಲಿ ನನ್ನ ತಲೆಯೊಳಗೆ ಅದು ತಾನಾಗಿ ಕನ್ನಡವಾಗಿ ಕೂತಿತ್ತು. ಭಾನುವಾರದಿಂದ ಇವತ್ತಿನವರೆಗೂ ಪಾತ್ರೆ ತೊಳೆಯುವಾಗ, ಟ್ರೈನಿಗೆ ಕಾಯುವಾಗ ಅದೇ ಮಾತು ಬಾಯಿಗೆ ಬರ್ತಾ ಇದೆ.

ಮಗನ ಜೀವದ ಗೆಳೆಯ ಪೆಸಿಫಿಕ್ ಸಾಗರದ ದ್ವೀಪದೇಶ ಸಮೋವಾದವರ ಹುಡುಗ. ಇಬ್ಬರೂ ಒಂದೇ ರಗ್ಬಿ ಲೀಗ್ ತಂಡದಲ್ಲಿ ಆಡ್ತಾರೆ, ಇಬ್ಬರಿಗೂ ಹನ್ನೊಂದು. ನಮ್ಮವನು ಮೈದಾನದ ಅಂಚಿನಲ್ಲಿ ಓಡುವವನು, ಅವನು ಮಧ್ಯದಲ್ಲಿ ಗುದ್ದುವವನು. ಮೈಕಟ್ಟು ನೋಡಿದರೆ ಅಣ್ಣ ತಮ್ಮ ಅನ್ನಬೇಕು, ಅಷ್ಟು ವ್ಯತ್ಯಾಸ. ಆ ಹುಡುಗನ ಮನೆ ಇಲ್ಲೇ ಸಿಡ್ನಿಯ ಮೆರಿಲ್ಯಾಂಡ್ಸ್‌ನಲ್ಲಿ. ಚರ್ಚಿನಿಂದ ಬಂದ ಮೇಲೆ ಭಾನುವಾರ ಮಧ್ಯಾಹ್ನ ಅವರಲ್ಲಿ ದೊಡ್ಡ ಊಟ. ಆಯಮ್ಮ ಆ ಹುಡುಗನ ಅಜ್ಜಿ. ಸಮೋವಾದ ಹಳ್ಳಿಯಲ್ಲಿ ಹುಟ್ಟಿ, ಆಕ್ಲೆಂಡಿನ ಕಾರ್ಖಾನೆಯಲ್ಲಿ ದುಡಿದು, ಮಕ್ಕಳ ಹಿಂದೆ ಸಿಡ್ನಿಗೆ ಬಂದವರು. ಸೆರಗಿಲ್ಲ ಅನ್ನೋದು ಬಿಟ್ಟರೆ ನಮ್ಮ ಕಡೆಯ ದೊಡ್ಡಮ್ಮಂದಿರಿಗೂ ಅವರಿಗೂ ಏನೂ ಫರಕಿಲ್ಲ. ತಟ್ಟೆ ಖಾಲಿಯಾದರೆ ಕೇಳದೆ ಬಡಿಸೋದು, ಬೇಡ ಅಂದರೆ ಮುಖ ಊದಿಸೋದು.

ನನ್ನ ಗಂಡ ತೀರ್ಥಹಳ್ಳಿ ಕಡೆಯವರು, ಮಾಂಸ ತಿನ್ನಲ್ಲ. ಅವರಿಗೆಂದೇ ಕೆಸುವಿನ ಎಳೇ ಎಲೆಯನ್ನು ತೆಂಗಿನ ಹಾಲಿನ ಜೊತೆ ಪೊಟ್ಟಣ ಕಟ್ಟಿ ಬೇಯಿಸಿದ್ದರು. ಪಲುಸಾಮಿ ಅಂತಾರೆ. ಇವರು ಮೊದಲ ತುತ್ತಿಗೇ, "ಪತ್ರೊಡೆಯ ತಂಗಿ ಇದು, ಸ್ವಲ್ಪ ಹುಣಸೆಹುಳಿ ಬಿದ್ದಿದ್ದರೆ" ಅಂದರು. ಯಾವ ದೇಶದ ಅಡುಗೆ ಬಾಯಿಗಿಟ್ಟರೂ ತೀರ್ಥಹಳ್ಳಿಯದರ ಜೊತೆ ತೂಗದಿದ್ದರೆ ಇವರಿಗೆ ತಿಂದಂಗಾಗಲ್ಲ.

ಸಂಜೆ ಪ್ಯಾರಮಟ್ಟದಲ್ಲಿ ರಗ್ಬಿ ಲೀಗಿನ ಪೆಸಿಫಿಕ್ ಚಾಂಪಿಯನ್‌ಶಿಪ್ ಫೈನಲ್ಲು, ಸಮೋವಾ ಮತ್ತು ನ್ಯೂಜಿಲೆಂಡ್. ಮನೆಯವರೆಲ್ಲ ನೀಲಿ ಜರ್ಸಿ ಹಾಕಿಕೊಂಡೇ ಊಟಕ್ಕೆ ಕೂತಿದ್ದರು. ಅಜ್ಜಿ ನಮ್ಮ ಹುಡುಗನನ್ನು ಕೇಳಿದರು, "ನೀನು ಯಾರ ಕಡೆ?"

"ಸಮೋವಾ."

"ನಿನಗೇನು ಸಂಬಂಧ?"

"ಪ್ರತಿ ಭಾನುವಾರ ಇಲ್ಲೇ ಊಟ ಮಾಡ್ತೀನಲ್ಲ. ಐದು ವರ್ಷ ಆದ್ಮೇಲೆ ಸಮೋವಾಗೆ ಆಡಬಹುದು."

ಅವನ ಲೆಕ್ಕಕ್ಕೂ ಒಂದು ಆಧಾರ ಇದೆ. ಈ ಆಟದಲ್ಲಿ ಒಂದು ದೇಶಕ್ಕೆ ಆಡಬೇಕಾದರೆ ಅಲ್ಲಿ ಹುಟ್ಟಿರಬೇಕು. ಇಲ್ಲವೇ ಅಪ್ಪ ಅಮ್ಮ, ಅಜ್ಜ ಅಜ್ಜಿಯರಲ್ಲಿ ಒಬ್ಬರಾದರೂ ಅಲ್ಲಿ ಹುಟ್ಟಿರಬೇಕು. ಅದೂ ಇಲ್ಲವೆಂದರೆ ಐದು ವರ್ಷ ಅಲ್ಲಿ ವಾಸ ಮಾಡಿರಬೇಕು. ವಾಸ ಅನ್ನೋದನ್ನ ಇವನು ಊಟ ಅಂತ ಮಾಡಿಕೊಂಡಿದ್ದಾನೆ, ಅಷ್ಟೇ. ಮೇಜಿನ ಸುತ್ತ ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಗ ಬಂತು ಆ ಮಾತು, ಇನ್ನೊಂದು ತುಂಡು ಕೆಸುವಿನ ಗೆಡ್ಡೆಯನ್ನ ಅವನ ತಟ್ಟೆಗೆ ಹಾಕ್ತಾ. ಆಟಕ್ಕೆ ಅಜ್ಜಿ ಬೇಕು.

ಸ್ಟೇಡಿಯಮ್ಮಿಗೆ ಹೋಗುವ ದಾರಿಯುದ್ದಕ್ಕೂ ಕಾರಿನ ಕಿಟಕಿಗಳಲ್ಲಿ ಕೆಂಪು ನೀಲಿ ಬಾವುಟ. ನನಗೆ ಈ ಆಟ ಅರ್ಥವಾಗಿದ್ದೇ ಕಬಡ್ಡಿಯಿಂದ. ರೇಡರನ್ನು ಹಿಡಿದು ಕೆಡವುವುದೇ ಇಲ್ಲಿ ಟ್ಯಾಕಲ್ಲು. ಆರು ಸಲ ಕೆಡವಿಸಿಕೊಳ್ಳುವಷ್ಟರಲ್ಲಿ ಚೆಂಡನ್ನು ಆ ತುದಿ ಮುಟ್ಟಿಸದಿದ್ದರೆ ಚೆಂಡು ಎದುರಿನವರಿಗೆ. ಒಂದು ಕಡೆಗೆ ಹದಿಮೂರು ಜನ. ಮಿಕ್ಕಿದ್ದೆಲ್ಲ ನೋಡ್ತಾ ನೋಡ್ತಾ ಬರುತ್ತೆ. ಆಟಕ್ಕೆ ಮೊದಲು ನ್ಯೂಜಿಲೆಂಡಿನವರು ಹಾಕಾ ಕುಣಿದರು, ಸಮೋವಾದವರು ಸಿವಾ ತವು. ಅಜ್ಜಿ ಕೂತಲ್ಲೇ ತೊಡೆ ತಟ್ಟುತ್ತಿದ್ದರು. ಆ ಕೈ ನನಗಿನ್ನೂ ಕಾಣ್ತಿದೆ. ಗಂಟು ಗಂಟಾದ ಬೆರಳು, ಬಿಗಿಯಾದ ಒಂದು ಉಂಗುರ, ಒಂದೇ ಲಯ.

ಸಮೋವಾ ಸೋತಿತು, 36-14. ಮಗನ ಗೆಳೆಯ ಅತ್ತ. ಗೆಳೆಯ ಅಳುವಾಗ ತಾನು ಸುಮ್ಮನಿದ್ದರೆ ಚೆನ್ನಾಗಿರಲ್ಲ ಅಂತ ನಮ್ಮವನೂ ಮುಖ ಸಣ್ಣ ಮಾಡಿಕೊಂಡ.

ಇಷ್ಟಕ್ಕೇ ಮುಗಿದಿದ್ದರೆ ನಾನು ಬರೆಯಲು ಕೂರುತ್ತಿರಲಿಲ್ಲ. ಸೋಮವಾರ ಸಂಜೆ ವಾಕಿಂಗಿನಲ್ಲಿ ನಮ್ಮವರೊಬ್ಬರು ಸಿಕ್ಕರು. ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷವಾದವರು, ಆದ್ದರಿಂದ ಎಲ್ಲ ಬಲ್ಲವರು. ಮ್ಯಾಚಿಗೆ ಹೋಗಿದ್ವಿ ಅಂದೆ. "ಅದೇನು ದೇಶಗಳ ಮ್ಯಾಚಾ? ಎಲ್ಲ ಇಲ್ಲೇ ಹುಟ್ಟಿ ಬೆಳೆದ ಹುಡುಗರು. ಆಸ್ಟ್ರೇಲಿಯ ಟೀಮಲ್ಲಿ ಜಾಗ ಸಿಗದಿದ್ದಾಗ ಸಮೋವಾ ನೆನಪಾಗುತ್ತೆ" ಅಂದರು. ಒಂದು ವಾರದ ಹಿಂದೆ ರಾಜ್ಯೋತ್ಸವದ ದಿನ ಇವರೇ ಹಳದಿ ಕೆಂಪು ಶಾಲು ಹೊದ್ದು, ಇಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ, "ನೀವು ಎಲ್ಲಿದ್ದರೂ ಕನ್ನಡಿಗರು" ಅಂತ ಅರ್ಧ ಗಂಟೆ ಹೇಳಿದ್ದರು. ನಮ್ಮ ಮಕ್ಕಳಾದರೆ ಬೇರು, ಪಕ್ಕದ ಮನೆಯವರ ಮಕ್ಕಳಾದರೆ ಅವಕಾಶವಾದ! ಆಗ ಬಾಯಿಗೆ ಬರಲಿಲ್ಲ. ಬರಬೇಕಾದ ಮಾತೆಲ್ಲ ನನಗೆ ಮನೆಗೆ ಬಂದ ಮೇಲೇ ಬರೋದು.

ಜಾಗ ಸಿಗದವರು ಅಂದರಲ್ಲ, ಪೇನ್ ಹಾಸ್‌ನನ್ನೇ ನೋಡಿ. ಆಸ್ಟ್ರೇಲಿಯಕ್ಕೆ ಆಡಿದವನು, ಲೀಗಿನ ದೈತ್ಯ. 2025ರಲ್ಲಿ ಆಸ್ಟ್ರೇಲಿಯ ತಂಡ ಆಶಸ್‌ಗೆ (ಕ್ರಿಕೆಟ್ಟಿನದಲ್ಲ, ರಗ್ಬಿ ಲೀಗಿನದು) ಇಂಗ್ಲೆಂಡಿಗೆ ಹೋಗಿ 3-0 ಗೆದ್ದಿತು. ಆ ವಿಮಾನ ಬಿಟ್ಟು ತಾಯಿಯ ಕಡೆಯ ಸಮೋವಾಗೆ ಬಂದ. ಅದಕ್ಕೂ ಮೊದಲು, 2017ರ ವಿಶ್ವಕಪ್ಪಿನಲ್ಲಿ ಆಕ್ಲೆಂಡಿನಲ್ಲಿ ಹುಟ್ಟಿದ ಜೇಸನ್ ಟೌಮಲೋಲೋ ನ್ಯೂಜಿಲೆಂಡ್ ಬಿಟ್ಟು ಟೋಂಗಾಗೆ ಹೋದ. ಆಸ್ಟ್ರೇಲಿಯದ ಆಂಡ್ರ್ಯೂ ಫಿಫಿಟಾನೂ ಹೋದ. ದೊಡ್ಡ ದೇಶಕ್ಕೆ ಆಡಿದರೆ ಸಿಗುವ ಕಾಸು ಬಿಟ್ಟು ಹೋದದ್ದು ಅದು. ಬೈದವರು ಎಷ್ಟೋ ಜನ. ಹ್ಯಾಮಿಲ್ಟನ್ನಿನಲ್ಲಿ ಟೋಂಗಾ ಅದೇ ನ್ಯೂಜಿಲೆಂಡನ್ನು 28-22ಕ್ಕೆ ಸೋಲಿಸಿತು. 2019ರಲ್ಲಿ ಆಸ್ಟ್ರೇಲಿಯವನ್ನೇ 16-12ಕ್ಕೆ ಕೆಡವಿತು. ಟೋಂಗಾದ ಜನಸಂಖ್ಯೆ ಸುಮಾರು 1 ಲಕ್ಷ, ಸಮೋವಾದ್ದು 2 ಲಕ್ಷದ ಆಸುಪಾಸು. ಎರಡನ್ನೂ ಸೇರಿಸಿದರೆ ನಮ್ಮ ತುಮಕೂರು ನಗರದಷ್ಟು ಆದೀತು.

ನಿಯಮ ಸ್ವಲ್ಪ ಸಡಿಲಾಗಿದ್ದರಿಂದಲೇ ಇದೆಲ್ಲ ನಡೆದದ್ದು. ಆಸ್ಟ್ರೇಲಿಯ, ನ್ಯೂಜಿಲೆಂಡ್, ಇಂಗ್ಲೆಂಡ್ ಮೂರೂ ಮೇಲಿನ ದರ್ಜೆ. ಒಂದು ಮೇಲಿನ ದೇಶಕ್ಕೂ ಅಜ್ಜಿಯ ಸಣ್ಣ ದೇಶಕ್ಕೂ ನಡುವೆ ಹೋಗಿ ಬರಬಹುದು. ಮೇಲಿನ ಎರಡು ದೇಶಗಳ ನಡುವೆ ಮಾತ್ರ ಜಿಗಿಯುವಂತಿಲ್ಲ. 2022ರಲ್ಲಿ ನಡೆದ ವಿಶ್ವಕಪ್ಪಿನ ಮೊದಲ ಪಂದ್ಯದಲ್ಲಿ ಇಂಗ್ಲೆಂಡ್ ಸಮೋವಾವನ್ನು 60-6ಕ್ಕೆ ಹೊಸಕಿ ಹಾಕಿತು. ಸೆಮಿಫೈನಲ್ಲಿನಲ್ಲಿ ಮತ್ತೆ ಅದೇ ಇಂಗ್ಲೆಂಡು. ಹೆಚ್ಚುವರಿ ಸಮಯದಲ್ಲಿ ಸ್ಟೀಫನ್ ಕ್ರೈಟನ್ ಒದ್ದ ಒಂದೇ ಒಂದು ಪಾಯಿಂಟಿನಿಂದ ಸಮೋವಾ 27-26ಕ್ಕೆ ಗೆದ್ದಿತು. ಆ ಬೆಳಿಗ್ಗೆ ನಮ್ಮ ಪಶ್ಚಿಮ ಸಿಡ್ನಿಯ ರಸ್ತೆಗಳಲ್ಲಿ ಹಾರ್ನು ನಿಂತಿರಲೇ ಇಲ್ಲ. ಏನೋ ಅಪಘಾತ ಅಂತ ನಾನು ಗಾಬರಿಯಲ್ಲಿ ನೈಟಿಯಲ್ಲೇ ಗೇಟಿಗೆ ಓಡಿದ್ದೆ.

ಆದರೂ ಆ ಇಪ್ಪತ್ತೆರಡು ವರ್ಷದವರ ಮಾತು ಪೂರ್ತಿ ಸುಳ್ಳೂ ಅಲ್ಲ, ಅದೇ ಕಿರಿಕಿರಿ. ಜೇಮ್ಸ್ ಟೆಡೆಸ್ಕೊ 2013ರಲ್ಲಿ ಇಟಲಿಗೆ ಆಡಿ, ಆಮೇಲೆ ಆಸ್ಟ್ರೇಲಿಯದ ನಾಯಕನಾಗಿ ವಿಶ್ವಕಪ್ ಎತ್ತಿದ. ಲೆಬನಾನ್ ತಂಡ ಅಂದರೆ ಬಹುಪಾಲು ಸಿಡ್ನಿಯ ಹುಡುಗರು. ಗ್ರೀಸಿನ ಕಥೆ ಇನ್ನೂ ಮಜಾ. ಅಲ್ಲಿ ಈ ಆಟಕ್ಕೆ ಸರ್ಕಾರದ ಮಾನ್ಯತೆ ಇಲ್ಲದೆ, ಪೊಲೀಸರು ಬಂದು ಪಂದ್ಯ ನಿಲ್ಲಿಸುತ್ತಿದ್ದ ಕಾಲದಲ್ಲಿ ಹುಡುಗರು ಕದ್ದು ಆಡುತ್ತಿದ್ದರು. ಅವರ ಜೊತೆ ಆಸ್ಟ್ರೇಲಿಯದ ಮೊಮ್ಮಕ್ಕಳೂ ಸೇರಿ ವಿಶ್ವಕಪ್ಪಿಗೆ ಬಂದು ಇಂಗ್ಲೆಂಡಿನ ಎದುರು 94-4ಕ್ಕೆ ಸೋತರು. ಅಲ್ಲಿಯ ಮಣ್ಣಲ್ಲಿ ಕದ್ದು ಆಡಿದವನ ಜಾಗವನ್ನು ಸಿಡ್ನಿಯ ಮೊಮ್ಮಗನೊಬ್ಬ ಕಿತ್ತುಕೊಂಡರೆ ಆಟ ಬೆಳೆಯಿತು ಅನ್ನಬೇಕಾ? ನನಗೆ ಈ ಪ್ರಶ್ನೆಯಿದ್ದಾಗಲೆಲ್ಲ ಪಪುವಾ ನ್ಯೂಗಿನಿಯ ಮೇಲೆ ಹೆಚ್ಚು ಗೌರವ ಬರುತ್ತದೆ. ಅಲ್ಲಿ ಬೀದಿ ಬೀದಿಯಲ್ಲಿ ಇದೇ ಆಟ. 2028ಕ್ಕೆ ಅವರ ತಂಡ ಇಲ್ಲಿಯ ಲೀಗಿಗೇ ಬರುತ್ತಿದೆ.

ಇನ್ನು ನಮ್ಮ ಭಾರತದ ನಿಯಮದಲ್ಲಿ ಅಜ್ಜಿಗೆ ಜಾಗವೇ ಇಲ್ಲ. 2008ರಿಂದ ಪಾಸ್‌ಪೋರ್ಟ್ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ವಿದೇಶಿ ಪೌರರಾದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡು ವೀಸಾ ಕ್ಯೂ ತಪ್ಪಿಸಲು ಆದೀತು, ಜರ್ಸಿಗೆ ಆಗಲ್ಲ. ಕಾಕತಾಳೀಯ ನೋಡಿ, ಫೈನಲ್ಲಿನ ವಾರವೇ ಗಂಡ ಮೊಬೈಲು ಹಿಡಿದು ಬಂದರು. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಭಾರತದ ಫುಟ್‌ಬಾಲ್ ಶಿಬಿರಕ್ಕೆ ಆಯ್ಕೆಯಾದ ಸುದ್ದಿ. ಹುಟ್ಟಿದ್ದು ಪರ್ತ್‌ನಲ್ಲಿ, ತಾಯಿ ಮುಂಬೈಯವರು, ತಾಯಿಯ ತಂದೆ ಬಾಂಬೆ ಪರ ಸಂತೋಷ್ ಟ್ರೋಫಿ ಆಡಿದವರಂತೆ. ಅಷ್ಟೆಲ್ಲ ಇದ್ದರೂ ಆಸ್ಟ್ರೇಲಿಯದ ಪೌರತ್ವ ಬಿಟ್ಟುಕೊಟ್ಟ ಮೇಲೆಯೇ ಬಾಗಿಲು ತೆರೆದದ್ದು. "ಇದು ಸರಿ, ಒಂದು ಬಿಟ್ಟು ಇನ್ನೊಂದು ಹಿಡೀಬೇಕು" ಅಂದರು ಇವರು. ಹೀಗೆ ಅನ್ನುವ ಇವರ ಸ್ವಂತ ಪಾಸ್‌ಪೋರ್ಟಿನ ಮೇಲೆ ಕಾಂಗರೂ ಇದೆ.

ಇವರೇ 2023ರಲ್ಲಿ ರಚಿನ್ ರವೀಂದ್ರ ಚಿನ್ನಸ್ವಾಮಿಯಲ್ಲಿ ಸೆಂಚುರಿ ಹೊಡೆದಾಗ "ನಮ್ಮ ಹುಡುಗ" ಅಂತ ಸೋಫಾದಿಂದ ಎದ್ದು ಚಪ್ಪಾಳೆ ಹೊಡೆದಿದ್ದರು. ವೆಲ್ಲಿಂಗ್ಟನ್ನಿನಲ್ಲಿ ಹುಟ್ಟಿದ ಹುಡುಗ, ಅಪ್ಪ ಅಮ್ಮ ಬೆಂಗಳೂರಿನವರು. ಆ ವಿಶ್ವಕಪ್ಪಿನ ಹೊತ್ತಿಗೆ ಬೆಂಗಳೂರಿನ ಮನೆಯಲ್ಲಿ ಅವನ ಅಜ್ಜಿ ಅವನಿಗೆ ದೃಷ್ಟಿ ತೆಗೆದ ವಿಡಿಯೊ ನೋಡದ ಕನ್ನಡಿಗರು ಯಾರಿದ್ದಾರೆ? ಮುಂದಿನ ವರ್ಷ ಅದೇ ಮೈದಾನದಲ್ಲಿ ಭಾರತ 46ಕ್ಕೆ ಆಲೌಟಾದ ಟೆಸ್ಟಿನಲ್ಲಿ 134 ಹೊಡೆದ. ಅವತ್ತು ಮಾತ್ರ "ನಮ್ಮ ಹುಡುಗ" ಅಂದಿದ್ದು ಕೇಳಿಸಲಿಲ್ಲ.

ಮಗನಿಗೆ ಇದ್ಯಾವುದೂ ಬೇಡ. ಅವನಿಗೆ ಬೇಕಾಗಿದ್ದು ಒಂದೇ. ಬುಧವಾರ ರಾತ್ರಿ ಹಲ್ಲುಜ್ಜುತ್ತಾ ಬಾಯಲ್ಲಿ ನೊರೆ ಇಟ್ಟುಕೊಂಡೇ ಕೇಳಿದ. "ಅಮ್ಮಾ, ನಮ್ಮ ಅಜ್ಜ ಅಜ್ಜಿ ಎಲ್ಲೆಲ್ಲಿ ಹುಟ್ಟಿದ್ದು?"

ಸುಲಭದ ಪ್ರಶ್ನೆ ಅಂದುಕೊಂಡೆ. ಅಪ್ಪನ ಊರು ಮಧುಗಿರಿ. ಯಾರಾದರೂ "ಯಾವೂರಾಯ್ತು?" ಅಂದರೆ ನಾನೂ ಮಧುಗಿರಿ ಅಂತಲೇ ಹೇಳೋದು. ಹೇಳುತ್ತಾ ಹೇಳುತ್ತಾ ನಿಂತುಬಿಟ್ಟೆ. ನಾನು ಹುಟ್ಟಿದ್ದು ಮಧುಗಿರಿಯಲ್ಲಲ್ಲ, ಅಮ್ಮನ ತವರು ಚಿಕ್ಕನಾಯಕನಹಳ್ಳಿಯಲ್ಲಿ. ಬಾಣಂತನದ ಮೂರು ತಿಂಗಳಷ್ಟೇ ಅಲ್ಲಿ. ಆದರೆ ಇಲ್ಲಿಯ ಪ್ರತಿ ಫಾರಮ್ಮಿನಲ್ಲೂ ಹುಟ್ಟಿದ ಊರು ಅಂತ ಅದನ್ನೇ ಬರೆಯುತ್ತೇನೆ, ಕೌಂಟರಿನವರು ಅದನ್ನ ಟೈಪು ಮಾಡಲು ಒದ್ದಾಡುತ್ತಾರೆ. ನಮ್ಮಲ್ಲಿ ಹೆರಿಗೆಗೆ ತವರಿಗೆ ಹೋಗೋದು. ಅಂದ ಮೇಲೆ ನಾವೆಲ್ಲ ಅಕ್ಷರಶಃ ಹುಟ್ಟಿದ್ದು ಅಮ್ಮನ ಊರಿನಲ್ಲಿ, ಹೇಳಿಕೊಳ್ಳುವುದು ಅಪ್ಪನ ಊರನ್ನ. ನಮ್ಮ ಅಜ್ಜಿಯನ್ನು ಯಾರೂ "ನಿಮ್ಮೂರು ಯಾವುದು" ಅಂತ ಕೇಳಿದ್ದು ನಾನು ಕಂಡಿಲ್ಲ. ಮದುವೆಯಾದ ದಿನವೇ ಆ ಪ್ರಶ್ನೆ ಮುಗಿದುಹೋಗಿತ್ತು. ಈ ಹದಿಮೂರು ಜನರ ಗುದ್ದಾಟದ ಆಟ ಮಾತ್ರ ನಾಲ್ಕೂ ಜನ ಅಜ್ಜ ಅಜ್ಜಿಯರನ್ನು ಸಾಲಾಗಿ ಕೂರಿಸಿ, ಒಂದೇ ತೂಕದಲ್ಲಿ, "ನೀವು ಎಲ್ಲಿ ಹುಟ್ಟಿದ್ದು?" ಅಂತ ಕೇಳುತ್ತದೆ. ಮಗ ನೊರೆ ಉಗಿದು ಇನ್ನೂ ಕಾಯುತ್ತಿದ್ದ.

ಅಪ್ಪನಿಗೆ ಫೋನು ಮಾಡಿದೆ. ಎಪ್ಪತ್ತನಾಲ್ಕು ವರ್ಷ. ಅಲ್ಲಿ ಮಧ್ಯಾಹ್ನದ ಊಟಕ್ಕೆ ಕೂರುವ ಹೊತ್ತು.

"ಅಪ್ಪಾ, ನೀನು ಹುಟ್ಟಿದ್ದು ಎಲ್ಲಿ?"

"ಯಾಕವ್ವ, ಸರ್ಟಿಫಿಕೇಟು ಗಿರ್ಟಿಫಿಕೇಟು ಬೇಕಾ? ಅದೆಲ್ಲ ಇಲ್ಲ."

"ಬೇಡ, ಸುಮ್ನೆ ಹೇಳು."

"ಇನ್ನೆಲ್ಲಿ, ನಮ್ಮಮ್ಮನ ಮನೇಲಿ. ಚೊಚ್ಚಲು ನಾನು. ಮಡಕಶಿರಾದಲ್ಲಿ."

ಮಧುಗಿರಿ ಬಿಟ್ಟು ಸ್ವಲ್ಪ ದೂರ ಹೋದರೆ ಮಡಕಶಿರಾ. ಅಲ್ಲಿ ಅಂಗಡಿಯಲ್ಲೂ ಮನೆಯಲ್ಲೂ ಕನ್ನಡ, ಬೋರ್ಡಿನ ಮೇಲೆ ತೆಲುಗು. ಅಪ್ಪ ಹುಟ್ಟಿದ್ದು 1951ರಲ್ಲಿ. ಆಗ ಅದು ಮದ್ರಾಸ್ ರಾಜ್ಯ. 1953ರಲ್ಲಿ ಆಂಧ್ರವಾಯಿತು. ಅಪ್ಪ ತೊಟ್ಟಿಲಿಳಿದು ಮಧುಗಿರಿಗೆ ಬಂದಾಗ ಅದು ಮೈಸೂರು ರಾಜ್ಯ. ಮಗನಿಗೆ ಸ್ಪೀಕರ್ ಹಾಕಿದೆ. ಅವನು ಕಣ್ಣರಳಿಸಿ, ಹಾಗಾದರೆ ನಾನು ಆಂಧ್ರಕ್ಕೆ ಆಡಬಹುದು, ಮದ್ರಾಸಿಗೂ ಆಡಬಹುದು, ಕರ್ನಾಟಕಕ್ಕೂ ಆಡಬಹುದು ಅಂತ ಬೆರಳು ಮಡಚತೊಡಗಿದ. ಇಲ್ಲದ ರಾಜ್ಯಕ್ಕೆ ಹೇಗೋ ಆಡ್ತೀಯ ಅಂದರೆ, ಟೀಮು ಮಾಡಿದರಾಯ್ತು ಅಂದ.

ಅಪ್ಪನಿಗೆ ಅರ್ಧ ಅರ್ಥವಾಯಿತು, ಅರ್ಧ ಇಲ್ಲ.

"ಏನಂತೆ ಅವನದು? ನನ್ನ ಆಂಧ್ರದ ಟೀಮಿಗೆ ಸೇರಿಸ್ತಾನಂತಾ?"

"ನಿನ್ನಲ್ಲ ಅಪ್ಪ, ಅವನು ಸೇರೋದು. ನಿನ್ನ ಹೆಸರು ಹೇಳ್ಕೊಂಡು."

"ಹೇಳ್ಕೊಳ್ಳಿ, ಹೇಳ್ಕೊಳ್ಳಿ. ಆದ್ರೆ ಕರೆದ್ರೆ ನಂಗೆ ಮಂಡಿ ನೋವು ಅಂತ ಹೇಳ್ಬಿಡಿ" ಅಂದು, ಹುಳಿ ಆರುತ್ತೆ ಅಂತ ಫೋನಿಟ್ಟರು.