ವೆಂಡರ್ ಪೋರ್ಟಲ್: ಪೂರೈಕೆದಾರರ ಕಡೆಯಿಂದ ಕಂಡಂತೆ

ಇ-ವ್ಯವಹಾರದ ತಂತ್ರಜ್ಞಾನ ಬಂದರೆ ಕಂಪನಿಗಳ ನಡುವಿನ ಸಹಕಾರ ತಾನಾಗಿಯೇ ಹೆಚ್ಚುತ್ತದೆ, ಅದರಿಂದ ಎಲ್ಲರ ವ್ಯಾಪಾರವೂ ಸುಧಾರಿಸುತ್ತದೆ ಎಂಬ ಮಾತನ್ನು ಪ್ರತಿ ಪೂರೈಕೆದಾರರ ಸಭೆಯಲ್ಲೂ ಕೇಳುತ್ತೇವೆ. ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಸಣ್ಣ ಘಟಕವೊಂದರ ರವಾನೆ ಮತ್ತು ಲೆಕ್ಕಪತ್ರ ನೋಡಿಕೊಳ್ಳುವ ನನಗೆ ಆ ಮಾತು ಅರ್ಧ ಮಾತ್ರ ನಿಜವೆನಿಸುತ್ತದೆ. ಗ್ರಾಹಕ ಕಂಪನಿಗಳು ಪೂರೈಕೆದಾರರಿಗೆಂದು ಕೊಟ್ಟಿರುವ ಜಾಲತಾಣಗಳಲ್ಲಿ, ಅಂದರೆ ವೆಂಡರ್ ಪೋರ್ಟಲ್‌ಗಳಲ್ಲಿ, ಹೆಚ್ಚಿನವು ನಮ್ಮಿಂದ ಮಾಹಿತಿ ಪಡೆಯುವುದಕ್ಕೆ ಕಟ್ಟಿದಂಥವು. ನಮಗೆ ಮಾಹಿತಿ ಕೊಡುವಂಥವು ತೀರಾ ಕಡಿಮೆ.

ಒಂದು ಲೋಡ್ ಹೊರಡುವ ಬಗೆಯನ್ನೇ ನೋಡಿ. ಮಾಲು ತಯಾರಾದ ಮೇಲೆ ಗ್ರಾಹಕರ ಪೋರ್ಟಲ್‌ನಲ್ಲಿ ಪರ್ಚೇಸ್ ಆರ್ಡರ್ ಸಂಖ್ಯೆ, ಪ್ರಮಾಣ, ದರ, ಉಕ್ಕು ಯಾವ ಎರಕದ್ದೆಂದು ಗುರುತಿಸುವ ಹೀಟ್ ನಂಬರ್ ತುಂಬಿ, ತಪಾಸಣಾ ವರದಿ ಏರಿಸಿ, ಮುಂಗಡ ರವಾನೆ ಸೂಚನೆ, ಅಂದರೆ ಎಎಸ್‌ಎನ್, ಸೃಷ್ಟಿಸಬೇಕು. ಅದರಿಂದ ಬರುವ ಬಾರ್‌ಕೋಡ್ ಚೀಟಿಯನ್ನು ಪ್ರತಿ ಬಿನ್ನಿಗೂ ಅಂಟಿಸಬೇಕು. ಆಮೇಲೆ ಸರಕಾರಿ ಜಾಲತಾಣದಲ್ಲಿ ಬಿಲ್ಲನ್ನು ನೋಂದಾಯಿಸುವ ಇ-ಇನ್‌ವಾಯ್ಸ್, ಅದರ ಹಿಂದೆಯೇ ಮಾಲು ಸಾಗಿಸಲು ಬೇಕಾದ ಇ-ವೇ ಬಿಲ್. ಉಕ್ಕಿನ ಬೆಲೆ ಏರಿ ದರ ಪರಿಷ್ಕರಣೆಯಾಗಿದ್ದೂ ಅವರ ಕಡೆಯವರು ಪೋರ್ಟಲ್‌ನಲ್ಲಿ ಹಳೆಯ ದರವನ್ನೇ ಬಿಟ್ಟಿದ್ದರೆ ಎಎಸ್‌ಎನ್ ಆಗುವುದಿಲ್ಲ. ಟೆಂಪೊ ಲೋಡ್ ಆಗಿ ನಿಂತಿರುತ್ತದೆ. ಹಳೆಯ ದರಕ್ಕೇ ಬಿಲ್ ಮಾಡಿ ಕಳುಹಿಸಿಬಿಡೋಣವೆಂದರೆ, ಇ-ಇನ್‌ವಾಯ್ಸನ್ನು ಆ ಜಾಲತಾಣದಲ್ಲಿ ರದ್ದುಪಡಿಸಲು ಇರುವುದು 24 ಗಂಟೆ ಮಾತ್ರ; ಅದು ಕಳೆದರೆ ದರದ ವ್ಯತ್ಯಾಸ ಕೇಳುವ ಡೆಬಿಟ್ ನೋಟ್ ಬರೆದು ತಿಂಗಳುಗಟ್ಟಲೆ ಅದರ ಹಿಂದೆ ಬೀಳಬೇಕು. ಹಿಂದೆ ಇಂಥ ಸಂದರ್ಭದಲ್ಲಿ ಸ್ಟೋರ್ಸ್‌ಗೆ ಒಂದು ಫೋನ್ ಮಾಡಿದರೆ ಡೆಲಿವರಿ ಚಲನ್ ಮೇಲೆ ಮಾಲು ಇಳಿಸಿಕೊಳ್ಳುತ್ತಿದ್ದರು.

ಹಾಗೆಂದು ಹಳೆಯದೇ ಚೆನ್ನಾಗಿತ್ತು ಎಂದು ಹೇಳಲಾರೆ. ಮಾಲು ಸ್ವೀಕಾರವಾದದ್ದಕ್ಕೆ ಗ್ರಾಹಕರು ಕೊಡುವ ರಸೀದಿಯ, ಅಂದರೆ ಜಿಆರ್‌ಎನ್, ಸಂಖ್ಯೆ, ತಿರಸ್ಕೃತವಾದ ಪೀಸುಗಳ ಲೆಕ್ಕ ಈಗ ಅಂದಂದೇ ಕಾಣುತ್ತದೆ. ಮೊದಲು ಸೀಲು ಹಾಕಿದ ಚಲನ್ ಪ್ರತಿಗಾಗಿ ಹುಡುಗನನ್ನು ಕಳುಹಿಸಿ ಕಾಯಬೇಕಿತ್ತು. ಸರಕಾರಿ ಜಾಲತಾಣಗಳ ವಿಷಯದಲ್ಲಂತೂ ಕರ್ನಾಟಕದವರಿಗೆ ರೂಢಿ ಮೊದಲೇ ಇತ್ತು. ಜಿಎಸ್‌ಟಿಗೆ ಮೊದಲಿನ ವ್ಯಾಟ್ ಕಾಲದಲ್ಲಿ ಮಾಲು ಸಾಗಾಟಕ್ಕೆ ರಾಜ್ಯ ತಂದಿದ್ದ ಆನ್‌ಲೈನ್ ಪರವಾನಗಿ ಇ-ಸುಗಮ್ ಬಳಸಿದ್ದ ನಮಗೆ 2018ರ ಏಪ್ರಿಲ್ 1ರಿಂದ ಬಂದ ಇ-ವೇ ಬಿಲ್ ಅಷ್ಟೇನೂ ಹೊಸದೆನಿಸಲಿಲ್ಲ, ರಾಜ್ಯದೊಳಗಿನ ಸಾಗಾಟಕ್ಕೂ ಅದನ್ನು ಮೊದಲ ದಿನದಿಂದಲೇ ಜಾರಿಗೆ ತಂದದ್ದು ನಮ್ಮ ರಾಜ್ಯವೇ.

ಆದರೆ ಇವೆಲ್ಲ ದಾಖಲೆಯ ವೇಗ ಹೆಚ್ಚಿಸಿದವೇ ಹೊರತು ಉತ್ಪಾದನೆಯ ಯೋಜನೆಗೆ ನೆರವಾಗಲಿಲ್ಲ. ನಮಗೆ ಬೇಕಾದದ್ದು ಎರಡೇ ಅಂಕಿ: ನಮ್ಮ ಭಾಗ ಗ್ರಾಹಕರ ಸ್ಟೋರ್ಸ್‌ನಲ್ಲಿ ಎಷ್ಟಿದೆ, ದಿನಕ್ಕೆ ಎಷ್ಟು ಖರ್ಚಾಗುತ್ತಿದೆ. ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರದಲ್ಲಿ ಒಂದು ಭಾಗದಿಂದ ಇನ್ನೊಂದಕ್ಕೆ ಸೆಟ್ಟಿಂಗ್ ಬದಲಿಸುವ ಹೊತ್ತಿನಲ್ಲಿ ಒಂದು ಪೀಸೂ ಹೊರಬರುವುದಿಲ್ಲ. ತಿಂಗಳ ನಡುವೆ ಶೆಡ್ಯೂಲ್ ಬದಲಾಗಿ, ಓಡುತ್ತಿರುವ ಬ್ಯಾಚನ್ನು ನಿಲ್ಲಿಸಿ ಬೇರೆಯದನ್ನು ಏರಿಸಬೇಕಾದಾಗ ಹೋಗುವ ನಷ್ಟ ಯಾವ ಪೋರ್ಟಲ್‌ನಲ್ಲೂ ದಾಖಲಾಗುವುದಿಲ್ಲ. ನಮ್ಮ ಗ್ರಾಹಕರಲ್ಲಿ ಒಬ್ಬರು ಮಾತ್ರ ತಮ್ಮ ದಾಸ್ತಾನನ್ನು ನಮಗೆ ತೋರಿಸುತ್ತಾರೆ. ಕನಿಷ್ಠ ಮಟ್ಟಕ್ಕೆ ಇಳಿದಾಗ ನಾವೇ ಕಳುಹಿಸುತ್ತೇವೆ. ಆ ಒಂದು ಭಾಗಕ್ಕೆ ನಾವು ಕಟ್ಟಿಡುವ ಮಾಲು ಕಡಿಮೆಯಾಗಿದೆ, ತುರ್ತು ಎಂದು ರಾತ್ರಿ ಪಾಳಿ ನಡೆಸುವುದು ತಪ್ಪಿದೆ, ಅವರ ಲೈನೂ ನಿಂತಿಲ್ಲ. ತಮಾಷೆಯೆಂದರೆ ಅವರದು ಪೋರ್ಟಲ್ಲೇ ಅಲ್ಲ, ದಿನಾ ಬೆಳಿಗ್ಗೆ ಇಮೇಲ್‌ನಲ್ಲಿ ಬರುವ ಎಕ್ಸೆಲ್ ಹಾಳೆ.

ಇದು ನಮ್ಮ ಅನುಭವ ಮಾತ್ರವಲ್ಲ. ಅಮೆರಿಕದ ವಾಲ್‌ಮಾರ್ಟ್ ಮತ್ತು ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ 1980ರ ದಶಕದ ಕೊನೆಯಲ್ಲಿ ಮಾಡಿಕೊಂಡ ವ್ಯವಸ್ಥೆಯ ತಿರುಳೂ ಇದೇ. ಮಗುವಿನ ಡೈಪರ್ ಖರ್ಚು ತಿಂಗಳಿಂದ ತಿಂಗಳಿಗೆ ಹೆಚ್ಚು ಬದಲಾಗುವುದಿಲ್ಲ. ಆದರೂ ಅಂಗಡಿಯಿಂದ ಸಗಟು ವ್ಯಾಪಾರಿಗೆ, ಅಲ್ಲಿಂದ ಕಾರ್ಖಾನೆಗೆ ಹೋಗುವಷ್ಟರಲ್ಲಿ ಆರ್ಡರಿನ ಏರಿಳಿತ ವಿಪರೀತವಾಗುತ್ತಿತ್ತು. ಆರ್ಡರಿಗೆ ಕಾಯದೆ ವಾಲ್‌ಮಾರ್ಟಿನ ದಾಸ್ತಾನು ನೋಡಿ ತಾನೇ ಮಾಲು ಕಳುಹಿಸುವ ಹೊಣೆಯನ್ನು ಪ್ರಾಕ್ಟರ್ ವಹಿಸಿಕೊಂಡಿತು. ಇದಕ್ಕೆ ತದ್ವಿರುದ್ಧವಾದದ್ದು ನೆಟ್‌ವರ್ಕ್ ಉಪಕರಣಗಳ ಕಂಪನಿ ಸಿಸ್ಕೊ ಕಥೆ. ಪೂರೈಕೆ ಜಾಲವನ್ನು ಅಂತರ್ಜಾಲದಲ್ಲಿ ಹೆಣೆಯುವುದರಲ್ಲಿ ಮಾದರಿಯೆನಿಸಿದ್ದ ಆ ಕಂಪನಿ 2001ರಲ್ಲಿ 200 ಕೋಟಿ ಡಾಲರಿಗೂ ಹೆಚ್ಚು ಮೌಲ್ಯದ ದಾಸ್ತಾನನ್ನು ನಷ್ಟವೆಂದು ಬರೆಯಬೇಕಾಯಿತು. ಮಾಲಿನ ಅಭಾವಕ್ಕೆ ಹೆದರಿದ ಗ್ರಾಹಕರು ಒಂದೇ ಬೇಡಿಕೆಗೆ ಹಲವರಲ್ಲಿ ಆರ್ಡರ್ ಹಾಕಿದ್ದರು. ಆರ್ಡರನ್ನಷ್ಟೇ ಎಣಿಸುತ್ತಿದ್ದ ವ್ಯವಸ್ಥೆಗೆ ಆ ಹುಸಿ ಬೇಡಿಕೆ ಕಾಣಲಿಲ್ಲ. ಕಂಪ್ಯೂಟರ್ ಎಷ್ಟು ಚುರುಕಾಗಿದ್ದರೇನು, ಅದಕ್ಕೆ ಉಣಿಸಿದ ಅಂಕಿಯೇ ಪೊಳ್ಳಾಗಿತ್ತು.

ಕಂಪನಿಯ ಸಾಧನೆ ಎಂಬುದು ಸಣ್ಣ ಘಟಕದ ಮಟ್ಟಿಗೆ ಕೊನೆಗೆ ಬ್ಯಾಂಕ್ ಖಾತೆಗೆ ಹಣ ಬೀಳುವ ದಿನಾಂಕವೇ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ) ಕಾಯ್ದೆ ಪಾವತಿಗೆ ಗರಿಷ್ಠ 45 ದಿನವೆಂದು ಹೇಳಿದ್ದರೂ ಅದನ್ನು ಹಿಡಿದು ಗ್ರಾಹಕರೊಂದಿಗೆ ಜಗಳಕ್ಕಿಳಿಯುವವರು ಯಾರು? ಈ ಗಂಟನ್ನು ಬಿಡಿಸಲೆಂದು ರಿಸರ್ವ್ ಬ್ಯಾಂಕ್ ತಂದ ಟ್ರೆಡ್ಸ್ ವೇದಿಕೆ ನನ್ನ ಮಟ್ಟಿಗೆ ಈ ಎಲ್ಲ ತಂತ್ರಜ್ಞಾನಗಳಲ್ಲಿ ಹೆಚ್ಚು ಅರ್ಥಪೂರ್ಣವಾದದ್ದು. ನಾವು ಏರಿಸಿದ ಬಿಲ್ಲನ್ನು ಗ್ರಾಹಕ ಕಂಪನಿ ಒಪ್ಪಿದರೆ ಬ್ಯಾಂಕುಗಳು ಅದಕ್ಕೆ ಪೈಪೋಟಿಯಲ್ಲಿ ದರ ಕೂಗುತ್ತವೆ. ಆರಿಸಿದ ಬ್ಯಾಂಕಿನಿಂದ ಬಡ್ಡಿ ಕಳೆದು ಹಣ ಬರುತ್ತದೆ. ಗ್ರಾಹಕರು ಮುಂದೆ ಕೊಡದಿದ್ದರೂ ಬ್ಯಾಂಕ್ ನಮ್ಮನ್ನು ಕೇಳುವಂತಿಲ್ಲ. ಇಲ್ಲಿಯೂ ಎಲ್ಲವೂ ನಿಂತಿರುವುದು ಆ ಒಪ್ಪಿಗೆಯ ಮೇಲೆ. ನೋಂದಣಿ ಕಡ್ಡಾಯ, ಆದರೆ ನಿಮ್ಮ ಬಿಲ್ಲುಗಳನ್ನು ಅಲ್ಲಿ ಒಪ್ಪಲೇಬೇಕೆಂಬ ನಿಯಮವಿಲ್ಲ ಎಂದು ಗ್ರಾಹಕರೊಬ್ಬರ ಲೆಕ್ಕಪತ್ರ ವಿಭಾಗದವರು ನನಗೆ ನೇರವಾಗಿಯೇ ಹೇಳಿದ್ದರು. ಕಂಪನಿಗಳಿಗೆ ಈ ನೋಂದಣಿ ಕಡ್ಡಾಯವಾಗುವ 500 ಕೋಟಿ ರೂಪಾಯಿ ವಹಿವಾಟಿನ ಮಿತಿಯನ್ನು 2024ರ ನವೆಂಬರ್‌ನಲ್ಲಿ 250 ಕೋಟಿಗೆ ಇಳಿಸಿದ್ದು ಒಳ್ಳೆಯದೇ. ಆದರೆ ಪೀಣ್ಯದ ಎಷ್ಟೋ ಘಟಕಗಳು ಮಾಲು ಕೊಡುವುದು ದೊಡ್ಡ ಕಂಪನಿಗಳಿಗೆ ನೇರವಾಗಿ ಅಲ್ಲ, ಅವುಗಳಿಗೆ ಪೂರೈಸುವ ಮಧ್ಯಮ ಗಾತ್ರದವರಿಗೆ. ಅವರಲ್ಲಿ ಅನೇಕರ ವಹಿವಾಟು ಈ ಹೊಸ ಮಿತಿಯನ್ನೂ ಮುಟ್ಟುವುದಿಲ್ಲ.