ಕುದಿನೀರಿಗೆ ಬಿದ್ದ ರಿಟೇನರ್

ಚಿಕ್ಕಮಗಳೂರಿನ ಒಂದು ಹಲ್ಲಿನ ಕ್ಲಿನಿಕ್‌ನಲ್ಲಿ 9 ವರ್ಷದಿಂದ ಅಸಿಸ್ಟೆಂಟ್ ಆಗಿದ್ದೇನೆ. ಡಾಕ್ಟರ್ ಗ್ಲೌಸ್ ಬಿಚ್ಚಿ ಮುಂದಿನ ಪೇಷಂಟ್ ನೋಡಲು ಹೋದ ಮೇಲೆ, ಮನೆಯಲ್ಲಿ ಏನು ಮಾಡಬೇಕು, ಏನು ಮಾಡಬಾರದು ಅಂತ ಹೇಳಿ ಕಳಿಸುವುದು ನನ್ನ ಪಾಲು. ಅದೇನು ಮಹಾ ಕೆಲಸ ಅಂದುಕೊಂಡಿದ್ದೆ.

ಮೂಡಿಗೆರೆ ಕಡೆಯ ಪಿಯುಸಿ ಹುಡುಗಿ ಒಬ್ಬಳು. 22 ತಿಂಗಳು ಕ್ಲಿಪ್ ಹಾಕಿಕೊಂಡಿದ್ದಳು, ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬಂದು ತಂತಿ ಬಿಗಿ ಮಾಡಿಸಿಕೊಂಡು ಹೋಗುತ್ತಿದ್ದಳು. ಕ್ಲಿಪ್ ತೆಗೆದ ದಿನ ಮುಂದಿನ ಹಲ್ಲುಗಳನ್ನು ನಾಲಿಗೆಯಲ್ಲಿ ಸವರಿ ಸವರಿ ನೋಡಿಕೊಂಡಳು. ಅಷ್ಟು ದಿನದ ಮೇಲೆ ನುಣ್ಣಗೆ ಸಿಕ್ಕಿದ್ದವಲ್ಲ! ಅವರಮ್ಮ ಫೋಟೋ ತೆಗೆದು ಮನೆಗೆ ಕಳಿಸುತ್ತಿದ್ದರು. ಆ ಗಡಿಬಿಡಿಯಲ್ಲಿ, ನೆಟ್ಟಗಾದ ಹಲ್ಲು ಮತ್ತೆ ಜರುಗದಂತೆ ಹಿಡಿದಿಡುವ ರಿಟೇನರ್‌ನ ಡಬ್ಬಿ ಕೈಗಿಟ್ಟು, "ದಿನಾ ಹಾಕ್ಕೋ, ಚೆನ್ನಾಗಿ ತೊಳೆದಿಡು" ಅಂದೆ. ಅಷ್ಟೇ.

ಆಮೇಲೆ ಐದು ತಿಂಗಳು ಪತ್ತೆಯೇ ಇಲ್ಲ. ರೊಬಸ್ಟಾ ಕುಯ್ಲು ಮುಗಿಸಿಕೊಂಡು ಬಂದಾಗ ಕೆಳಗಿನ ಎರಡು ಹಲ್ಲು ಆಗಲೇ ಒಂದರ ಮೇಲೊಂದು ಹತ್ತುತ್ತಿದ್ದವು. ಡಬ್ಬಿ ತೆಗೆದರೆ ರಿಟೇನರ್ ಒಣಗಿದ ಹಲಸಿನ ಎಲೆ ಥರ ಮುದುಡಿ ಕೂತಿತ್ತು.

"ಚೆನ್ನಾಗಿ ತೊಳೀಬೇಕು ಅಂದ್ರಲ್ಲ ಸಿಸ್ಟರ್, ಅದಕ್ಕೇ ಅಜ್ಜಿ ಕುದಿಯೋ ನೀರಿಗೆ ಹಾಕಿದ್ರು."

ಅಜ್ಜಿಯದೇನು ತಪ್ಪು? ಬಾಯಿಗೆ ಹೋಗುವ ಸಾಮಾನು ಕುದಿಸಿದರೇ ಚೊಕ್ಕ ಅನ್ನುವುದು ಅವರ ಲೆಕ್ಕ. ಆದರೆ ಅದು ತೆಳು ಪ್ಲಾಸ್ಟಿಕ್. ಬಿಸಿ ಮಾಡಿ ಹಲ್ಲಿನ ಅಚ್ಚಿನ ಮೇಲೆ ಕೂರಿಸಿದ್ದು. ಮತ್ತೆ ಬಿಸಿ ತಾಗಿದರೆ ಆಕಾರ ಬಿಡುತ್ತದೆ. ತಣ್ಣೀರು, ಮೆತ್ತನೆ ಬ್ರಷ್ ಸಾಕು. ಹೊಸ ಜಾಗಕ್ಕೆ ಬಂದ ಹಲ್ಲನ್ನು ಒಸಡಿನ ನಾರುಗಳು ಹಳೇ ಜಾಗಕ್ಕೆ ಎಳೆಯುತ್ತಲೇ ಇರುತ್ತವೆ, ಅವು ಒಗ್ಗಿಕೊಳ್ಳಲು ವರ್ಷವೇ ಬೇಕಾಗಬಹುದು. ಇದೊಂದನ್ನೂ ನಾನು ಹೇಳಿರಲಿಲ್ಲ. ಕೆಳಗಿನ ಹಲ್ಲಿಗೆ ಮತ್ತೆ ಕ್ಲಿಪ್ ಬಿತ್ತು. ಅವಳ ಅಪ್ಪ ಕೌಂಟರ್‌ನಲ್ಲಿ ನೋಟು ಎಣಿಸುವಾಗ ನಾನು ಸುಮ್ನೆ ಟ್ರೇ ಒರೆಸುತ್ತಾ ನಿಂತಿದ್ದೆ.

ಹಲ್ಲು ಬೆಳ್ಳಗೆ ಮಾಡಿಸುವವರದೂ ಇದೇ ಕಥೆ. ಮದುವೆಗೆ ವಾರ ಇದೆ ಅನ್ನುವಾಗ ಒಬ್ಬ ಮದುಮಗ ಬಂದಿದ್ದ. ಪೆರಾಕ್ಸೈಡ್ ಜೆಲ್ ಹಚ್ಚಿದ ಮೇಲೆ 48 ಗಂಟೆ ಬಣ್ಣ ಹಿಡಿಯುವುದೇನೂ ಬೇಡ ಅಂತ ನಮ್ಮಲ್ಲಿ ಹೇಳುತ್ತೇವೆ. ನಾನು ಹೇಳಿದ್ದು "ಎರಡು ದಿನ ಕಾಫಿ ಬೇಡ" ಅಂತ ಮಾತ್ರ. ಚಿಕ್ಕಮಗಳೂರಲ್ಲಿ ಕಾಫಿ ಬಿಡಿ ಅನ್ನೋದೇ ದೊಡ್ಡ ಮಾತು, ಪಾಪ, ಆತ ಬಿಟ್ಟ. ಬದಲಿಗೆ ದಿನಕ್ಕೆ ನಾಲ್ಕು ಸಲ ಟೀ ಕುಡಿದ, ಊಟಕ್ಕೆ ಬೀಟ್ರೂಟ್ ಪಲ್ಯ! ಅವನ ಮುಂದಿನ ಒಂದು ಹಲ್ಲು ಕ್ಯಾಪ್. ಅದು ಬೆಳ್ಳಗಾಗಲ್ಲ ಅಂತ ಡಾಕ್ಟರ್ ಮೊದಲೇ ಹೇಳಿದ್ದರಿಂದ ಅಷ್ಟರ ಮಟ್ಟಿಗೆ ಬಚಾವ್.

ಈಗ ರಿಟೇನರ್ ಮಾತು ಕ್ಲಿಪ್ ಹಾಕುವ ದಿನವೇ ತೆಗೆಯುತ್ತೇನೆ. ಆ ಮುದುಡಿದ ರಿಟೇನರನ್ನು ಹುಡುಗಿಯನ್ನೇ ಕೇಳಿ ಇಟ್ಟುಕೊಂಡಿದ್ದೇನೆ. ಅದನ್ನು ಕೈಗೆ ಕೊಟ್ಟು ತೋರಿಸುತ್ತೇನೆ. ಆಮೇಲೆ, "ಮನೇಲಿ ಏನಂತ ಹೇಳ್ತೀಯ, ನನಗೆ ಹೇಳು ನೋಡೋಣ" ಅಂತ ಕೇಳುತ್ತೇನೆ.

ಮೊನ್ನೆ ಒಬ್ಬ ಹುಡುಗ ಅದನ್ನು ತಿರುಗಿಸಿ ತಿರುಗಿಸಿ ನೋಡಿ ಅಂದ: "ಅಜ್ಜಿ, ನೀನು ಮುಟ್ಟಲೇಬೇಡ ಅಂತೀನಿ."